ಹೊಸ ಕತ್ತಿ, ಹಳೇ ಕೆನ್ನೆ

ಸ್ಟೋರ್ ಮಾಮನ ಕೆನ್ನೆಗೂ ಬ್ಲೇಡಿಗೂ ಮೂವತ್ತು ವರ್ಷದ ಹಗೆ. ಯಾವ ಬ್ಲೇಡು ತಂದರೂ ಕತೆ ಒಂದೇ. ಬೆಳಿಗ್ಗೆ ಹೆರೆದುಕೊಂಡರೆ ಮಧ್ಯಾಹ್ನಕ್ಕೆ ಕೆನ್ನೆ ತುಂಬ ಕೆಂಪು ಗುಳ್ಳೆ, ಸಂಜೆಗೆ ತುರಿಕೆ. ಮನೆಗೆ ಬಂದವನ ಮುಖ ನೋಡಿ ಹೆಂಡತಿ, "ಇವತ್ತು ಯಾವ ಬೇಲಿಗೆ ನುಗ್ಗಿ ಬಂದ್ರಿ?" ಅಂತ ಕೇಳುವುದು ವಾಡಿಕೆಯಾಗಿತ್ತು.

ತೂಕದ ಯಂತ್ರ ತಯಾರಿಸುವ ಕಾರ್ಖಾನೆಯ ಉಗ್ರಾಣದಲ್ಲಿ ಅವನು ಇಪ್ಪತ್ತನಾಲ್ಕು ವರ್ಷದಿಂದ ಗುಮಾಸ್ತ. ಯಾರು ಏನು ಕೇಳಿದರೂ ಇಲ್ಲ ಅನ್ನಲು ಬಾರದವನು. ಅದಕ್ಕೇ ಕಾರ್ಖಾನೆಯ ಚಿಕ್ಕವರು ದೊಡ್ಡವರೆಲ್ಲ ಸೇರಿ ಅವನಿಗೆ ಸ್ಟೋರ್ ಮಾಮ ಅಂತ ಹೆಸರಿಟ್ಟಿದ್ದರು. ಉಗ್ರಾಣದ ಸೂಪರಿಂಟೆಂಡೆಂಟ್ ನಿವೃತ್ತರಾಗಿದ್ದರು, ಆ ಕುರ್ಚಿಗೆ ಯಾರು ಅನ್ನುವುದನ್ನು ಮ್ಯಾನೇಜರು ಸೋಮವಾರ ಹನ್ನೊಂದು ಗಂಟೆಗೆ ಎಲ್ಲರೆದುರು ಓದಿ ಹೇಳುವವರಿದ್ದರು. ಮಾಮನ ಲೆಕ್ಕದಲ್ಲಿ ಅದು ತನ್ನದೇ. ಅಷ್ಟು ಜನರ ಮುಂದೆ ಎದ್ದು ನಿಲ್ಲುವಾಗ ಮುಖದ ಮೇಲೆ ಗುಳ್ಳೆ ಇರಬಾರದು ಅನ್ನುವುದೊಂದೇ ಅವನ ಆಸೆ.

ಆ ಆಸೆಗೆ ಬಿದ್ದು ಭಾನುವಾರ ಪೇಟೆಯಿಂದ ಒಂದು ಕ್ಷೌರದ ಕತ್ತಿ ತಂದಿದ್ದ. ಹಳೇ ಕಾಲದ ಮಡಚುವ ಕತ್ತಿ, ಕರೀ ಹಿಡಿ, ಕನ್ನಡಿಯಂಥ ಅಲಗು.

"ಬ್ಲೇಡು ಗೀಚುತ್ತೆ ಸ್ವಾಮಿ, ಕತ್ತಿ ಸವರುತ್ತೆ" ಅಂದಿದ್ದ ಅಂಗಡಿಯವನು. "ಒಂದ್ಸಲ ಆಡಿಸಿ ನೋಡಿ, ಕೂತಲ್ಲೇ ನಿದ್ದೆ ಬಂದ್ಬಿಡುತ್ತೆ."

ಸೋಮವಾರ ಬೆಳಿಗ್ಗೆ ಮಾಮ ಬಚ್ಚಲುಮನೆಯಲ್ಲಿ ಬಿಸಿನೀರಲ್ಲಿ ಮುಖ ನೆನೆಸಿಕೊಂಡ. ಸೋಪಿನ ನೊರೆಯನ್ನು ಬ್ರಷ್ಷಿನಿಂದ ಕಣ್ಣಿನ ತನಕ ಬಳಿದುಕೊಂಡ. ಕತ್ತಿ ಬಿಡಿಸಿ, ಬಲಗೆನ್ನೆಯ ಮೇಲಿಟ್ಟು, ನಿದ್ದೆ ಬರಲಿ ಅಂತ ಕಾದು ಎಳೆದ.

ನಿದ್ದೆ ಬರಲಿಲ್ಲ, ನೀರು ಬಂತು, ಕಣ್ಣಲ್ಲಿ. ಅಷ್ಟು ಹೊಳೆಯುವ ಕತ್ತಿ ಒಂದು ಕೂದಲನ್ನೂ ಕತ್ತರಿಸಲಿಲ್ಲ. ಒಂದೊಂದನ್ನೂ ಹಿಡಿದು ಬುಡಸಮೇತ ಜಗ್ಗಿ, ಕೀಳದೆ ಹಾಗೇ ಬಿಟ್ಟಿತು. ಕೆನ್ನೆ ಬೇಡ ಅಂದುಕೊಂಡು ದವಡೆಯ ಕೆಳಗೆ ಹಿಡಿದ. ಸ್ವಲ್ಪ ಒತ್ತಿದ. ಇನ್ನೂ ಸ್ವಲ್ಪ ಒತ್ತಿದ. ಅದೇ ಹೊತ್ತಿಗೆ ಹೆಂಡತಿ ಬಾಗಿಲು ಬಡಿದಳು.

"ರೀ, ಬಿಸಿನೀರು ಪೂರ್ತಿ ಖರ್ಚು ಮಾಡ್ಬೇಡಿ!"

ಮಾಮ ಬೆಚ್ಚಿದ. ಕತ್ತಿ ಜಾರಿತು. ಇಷ್ಟು ಹೊತ್ತು ಕೂದಲನ್ನೇ ಕತ್ತರಿಸಲಾರದ ಕತ್ತಿ ಕತ್ತನ್ನು ಮಾತ್ರ ಎರಡು ಬೆರಳಗಲ ಸೀಳಿತು.

ಗಾಯ ಆಳವಿರಲಿಲ್ಲ. ಆದರೆ ಕತ್ತಿನ ರಕ್ತಕ್ಕೆ ಆಡಂಬರ ಜಾಸ್ತಿ. ಬಿಳೀ ನೊರೆಗೆ ಬೆರೆತು, ಬನಿಯನ್ನಿಗೆ ಇಳಿದು, ಒಂದು ಚಮಚದಷ್ಟಿದ್ದದ್ದು ಒಂದು ಚೊಂಬಿನಷ್ಟು ಕಾಣಿಸಿತು. ಮಾಮನ "ಅಯ್ಯೋ" ಕೇಳಿ ಹೆಂಡತಿ ಬಾಗಿಲು ತಳ್ಳಿದಳು. ಕೈಯಲ್ಲಿ ಬಿಚ್ಚಿದ ಕತ್ತಿ, ಕೊರಳೆಲ್ಲ ಕೆಂಪು, ಕಣ್ಣಲ್ಲಿ ನೀರು. ಅವಳು ಹಾಕಿದ ಕೂಗಿಗೆ ಕಿಟಕಿ ಗಾಜು ಅದುರಿತು.

ಕೂಗು ಮುಗಿಯುವ ಮೊದಲೇ ಎದುರುಮನೆಯ ಕಾಂಪೌಂಡರು ಒಳಗೆ ಬಂದಾಗಿತ್ತು. ಅದೇ ಕಾರ್ಖಾನೆಯ ದವಾಖಾನೆಯಲ್ಲಿ ಔಷಧಿ ಕಲಸಿಕೊಟ್ಟು ನಿವೃತ್ತರಾದವರು. ನಿವೃತ್ತರಾದದ್ದು ಅವರು ಮಾತ್ರ, ಅವರ ಕೈಚೀಲ ಇನ್ನೂ ಸರ್ವೀಸಿನಲ್ಲಿತ್ತು. ಮೊದಲು ಮಾಮನ ಕೈಯಿಂದ ಕತ್ತಿ ಕಿತ್ತುಕೊಂಡು ಹಳೇ ಪೇಪರಿನಲ್ಲಿ ಸುತ್ತಿದರು. ಆಮೇಲೆ ಅವನ ಕೊರಳಿಗೆ ಹತ್ತು ಸುತ್ತು ಬಟ್ಟೆ ಸುತ್ತಿದರು. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದ ಹಾಗಾಯಿತು.

"ಕ್ಷೌರ ಮಾಡ್ಕೋತಿದ್ದೆ..." ಅಂದ ಮಾಮ.

"ಎಲ್ಲರೂ ಹಾಗೇ ಹೇಳೋದು" ಅಂದರು ಕಾಂಪೌಂಡರು, ದನಿ ತಗ್ಗಿಸಿ. "ನನ್ನ ಸರ್ವೀಸಲ್ಲಿ ಇಂಥವು ಎಷ್ಟು ನೋಡಿದೀನಿ."

ಮಾಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ನಗು ಬಂತು, ನಕ್ಕರೆ ಗಾಯ ಎಳೆಯಿತು, ಎಳೆದದ್ದಕ್ಕೆ ಮುಖ ಹಿಂಡಿದ. ಕಾಂಪೌಂಡರು ಅದನ್ನು ಅಳು ಅಂದುಕೊಂಡರು. ಹೆಂಡತಿಯನ್ನು ಅಡುಗೆಮನೆಗೆ ಕಳಿಸಿ, ಮಾಮನ ಕೈ ಹಿಡಿದುಕೊಂಡರು.

"ನನ್ನದೇ ತಪ್ಪು. ನಿಮಗೆ ವಿಷಯ ತಿಳಿದುಬಿಡ್ತು ಅಂತ ಕಾಣುತ್ತೆ. ಆದ್ರೂ ಒಂದು ಬಾಡಿಗೆ ಮನೆಗೋಸ್ಕರ ಯಾರಾದ್ರೂ ಜೀವ ಕಳ್ಕೋತಾರಾ?"

"ಯಾವ ಮನೆ?"

"ಇದೇ ಮನೆ. ಬರೋ ತಿಂಗಳು ನಿಮ್ಮನ್ನ ಬಿಡ್ಸಿ ನನ್ನ ಅಳಿಯನಿಗೆ ಕೊಡಿ ಅಂತ ಮಾಲೀಕರ ಹತ್ರ ಮಾತಾಡಿದ್ದು ನಾನೇ. ನೀವು ಪಾಪದವರು, ತಕರಾರು ಮಾಡಲ್ಲ ಅಂದ್ಕೊಂಡೆ. ಕ್ಷಮಿಸಿಬಿಡಿ."

"ನನಗೆ ಈ ವಿಷಯ ಗೊತ್ತೇ ಇರ್ಲಿಲ್ಲ!"

ಕಾಂಪೌಂಡರು ಕೈ ಬಿಟ್ಟರು. ಗೊತ್ತಿರಲಿಲ್ಲ ಅಂದ ಮೇಲೆ ಕ್ಷಮೆ ದಂಡವಾಯಿತಲ್ಲ ಅನ್ನುವ ಬೇಸರ ಅವರ ಮುಖದಲ್ಲಿ ಹಾದುಹೋಯಿತು.

ಗಂಟೆ ಒಂಬತ್ತಾಗಿತ್ತು. ಮನೆ ಮಾತು ಸಂಜೆ ನೋಡಿಕೊಂಡರಾಯಿತು, ಮೊದಲು ಕುರ್ಚಿ ಅಂತ ಮಾಮ ಅಂಗಿ ತೊಟ್ಟು ಹಿತ್ತಲ ಬಾಗಿಲಿಂದ ಜಾರಿಕೊಂಡ. ಗಡ್ಡ ಹಾಗೇ ಇತ್ತು. ಅವನು ಬಸ್ಸು ಹತ್ತುವಷ್ಟರಲ್ಲಿ ಕಾಂಪೌಂಡರು ಕಾರ್ಖಾನೆಯ ಡಾಕ್ಟರಿಗೆ ಫೋನು ಮಾಡಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಬಸ್ಸಿಗಿಂತ ಮೊದಲೇ ಸುದ್ದಿ ಕಾರ್ಖಾನೆ ಮುಟ್ಟಿತು.

ಗೇಟಿನ ಕಾವಲುಗಾರ, ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ತಲೆ ಎತ್ತದವನು, ಎದ್ದು ನಿಂತು ಸಲಾಮು ಹೊಡೆದ. ಮಾಮನ ಎದೆ ಉಬ್ಬಿತು. ಸೂಪರಿಂಟೆಂಡೆಂಟ್ ಆಗುವ ಸುದ್ದಿ ಹೊರಬಿದ್ದಿದೆ ಅಂದುಕೊಂಡ.

ಉಗ್ರಾಣದಲ್ಲಿ ನೋಡಿದರೆ ಪಾರ್ಸೆಲ್ ಕಟ್ಟುವ ಹಗ್ಗದ ಸುರುಳಿಗಳಿಲ್ಲ. ಹಿತ್ತಾಳೆ ತೊಳೆಯುವ ಆಸಿಡ್ ಬಾಟ್ಲಿಗಳಿಲ್ಲ. ಕತ್ತರಿ ಇಲ್ಲ. ಕಡೆಗೆ ಕಾಗದ ಪೋಣಿಸುವ ದಬ್ಬಳವೂ ಇಲ್ಲ. ಮೇಜಿನ ಮೇಲೆ ಒಂದು ಲೋಟ ನೀರು ಮಾತ್ರ ಇತ್ತು, ಅದೂ ಪ್ಲಾಸ್ಟಿಕ್ ಲೋಟ.

"ಕಳ್ಳತನ ಆಗಿದೆಯೇನ್ರೀ?" ಅಂತ ಕೇಳುವಷ್ಟರಲ್ಲಿ ಅಕೌಂಟೆಂಟು ಒಳಗೆ ಬಂದು ಅವನನ್ನು ಅಪ್ಪಿಕೊಂಡ. ಪಕ್ಕದ ಕೋಣೆಯವನು, ಹನ್ನೊಂದು ವರ್ಷದಿಂದ ಮಾಮನ ಊಟದ ಡಬ್ಬಿಯಲ್ಲಿ ಅರ್ಧ ಪಾಲು ಅವನದೇ.

"ಎಂಥ ಕೆಲಸ ಮಾಡ್ಕೊಂಡ್ರಿ ಮಾಮ! ನೀವು ಹೀಗೆ ಮನಸ್ಸಿಗೆ ಹಚ್ಕೋತೀರಿ ಅಂತ ಗೊತ್ತಿದ್ರೆ ನಾನು ಅರ್ಜಿನೇ ಹಾಕ್ತಿರ್ಲಿಲ್ಲ."

"ಯಾವ ಅರ್ಜಿ?"

"ಸೂಪರಿಂಟೆಂಡೆಂಟ್ ಕೆಲಸಕ್ಕೆ. ಶನಿವಾರಾನೇ ಆರ್ಡರ್ ಟೈಪ್ ಆಯ್ತಲ್ಲ, ನನ್ನ ಹೆಸರಿಗೆ. ಅದನ್ನ ಕೇಳಿದ್ಮೇಲೆ ತಾನೇ ನೀವು..." ಅಂತ ತನ್ನ ಕತ್ತಿನ ಮೇಲೆ ಬೆರಳು ಎಳೆದು ತೋರಿಸಿದ.

ಮಾಮ ಆ ಬೆರಳನ್ನೇ ನೋಡಿದ. ಶನಿವಾರ ಮಧ್ಯಾಹ್ನ ಈ ಮನುಷ್ಯ ತನ್ನ ಡಬ್ಬಿಯ ಕಡೇ ತುತ್ತನ್ನು ಬಳಿದು ತಿನ್ನುತ್ತ, "ಸೋಮವಾರ ನಿಮ್ಮದೇ ಮಾಮ" ಅಂದದ್ದು ನೆನಪಾಯಿತು.

"ನಾನು ಕ್ಷೌರ ಮಾಡ್ಕೋತಿದ್ದೆ ಕಣಯ್ಯಾ" ಅಂದ, ಸೋತ ದನಿಯಲ್ಲಿ.

"ಗಡ್ಡ ಹಾಗೇ ಇದೆಯಲ್ಲ ಮಾಮ" ಅಂದ ಅಕೌಂಟೆಂಟು, ಕಣ್ಣೊರೆಸಿಕೊಳ್ಳುತ್ತ.

ಕ್ಷೌರಕ್ಕೆ ಕೂತವನ ಗಡ್ಡ ಹಾಗೇ ಇದ್ದು ಕತ್ತು ಮಾತ್ರ ಕೊಯ್ದಿದ್ದರೆ ನೋಡಿದವರು ತಾನೇ ಏನಂದುಕೊಳ್ಳಬೇಕು?

ಹನ್ನೊಂದು ಗಂಟೆಯ ಸಭೆ ರದ್ದಾಯಿತು. ಮಾಮನಿಗೆ ಮ್ಯಾನೇಜರ ಕೋಣೆಯಿಂದ ಕರೆ ಬಂತು. ಮ್ಯಾನೇಜರು ತಾವೇ ಎದ್ದು ಬಂದು ಕುರ್ಚಿ ಎಳೆದುಕೊಟ್ಟರು. ಮೂಲೆಯಲ್ಲಿ ಕಾರ್ಖಾನೆಯ ಡಾಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡು, ಮಾಮನನ್ನು ಎಕ್ಸ್‌ರೇ ನೋಡಿದ ಹಾಗೆ ನೋಡುತ್ತಿದ್ದರು.

"ಚೀಟಿ ಏನಾದ್ರೂ ಬರೆದಿಟ್ಟಿದ್ರಾ?" ಮ್ಯಾನೇಜರ ಮೊದಲ ಪ್ರಶ್ನೆ ಅದು.

"ಚೀಟಿ ಯಾಕೆ ಸಾರ್?"

"ಅದರಲ್ಲಿ ನನ್ನ ಹೆಸರು ಗಿಸರು..."

"ಇಲ್ಲ ಸಾರ್. ನಾನು ಬರೀ ಕ್ಷೌರ..."

"ಆಯ್ತು, ಆಯ್ತು." ಮ್ಯಾನೇಜರು ಉಸಿರು ಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವರು ಆಗಲೇ ಎರಡು ಸಲ ಮುಟ್ಟಿ ನೋಡಿಕೊಂಡಾಗಿತ್ತು. "ನೋಡಿ, ನಿಮ್ಮ ಹೆಸರು ಬಡ್ತಿಗೆ ಮೂರು ಸಲ ಮೇಲಿಂದ ಬಂದಿತ್ತು. ಮೂರು ಸಲಾನೂ ನಾನೇ ಹೊಡೆದುಹಾಕಿದೆ. ಬೇರೆಯವರ ಹೆಸರು ಹೊಡೆದ್ರೆ ಗಲಾಟೆ ಮಾಡ್ತಾರೆ. ನಿಮ್ಮದು ಹೊಡೆದ್ರೆ ನೀವು ನನಗೇ ನಮಸ್ಕಾರ ಹೇಳಿ ಹೋಗ್ತೀರಿ. ನಾನೇನು ಮಾಡ್ಲಿ ಹೇಳಿ?"

ಬೆಳಗಿನಿಂದ ಅವನಿಗೆ ಸಮಾಧಾನ ಹೇಳಲು ಬಂದವರೆಲ್ಲ ತಲೆಗೊಂದು ಕಲ್ಲು ಹೊತ್ತು ತಂದು ಅವನ ಮೇಲೆ ಹಾಕಿ ಹಗುರಾಗುತ್ತಿದ್ದರು. ತನ್ನ ಬದುಕಿನಲ್ಲಿ ಇಷ್ಟೊಂದು ತೂತುಗಳಿದ್ದವು ಅನ್ನುವುದು ಅವನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

"ಹೋದದ್ದು ಹೋಯ್ತು" ಅಂದರು ಮ್ಯಾನೇಜರು. "ಆ ಆರ್ಡರ್ ಹರಿದುಹಾಕ್ತೀನಿ. ಸೂಪರಿಂಟೆಂಡೆಂಟ್ ನೀವೇ. ಆದ್ರೆ ಒಂದು ಮಾತು ಕೊಡಿ. ಇನ್ನೊಂದ್ಸಲ ಹಾಗೆ ಮಾಡ್ಕೊಳ್ಳಲ್ಲ ಅಂತ."

ಮಾಮನ ಬಾಯಿಯ ತುದಿಯಲ್ಲಿ "ಕ್ಷೌರ" ಅನ್ನುವ ಮಾತು ಬಂದು ನಿಂತಿತು. ಹೇಳಿದರೆ ಕುರ್ಚಿ ಹೋಗುತ್ತದೆ, ಹೇಳದಿದ್ದರೆ ಉಳಿಯುತ್ತದೆ. ಆ ಹಾಳು ಕತ್ತಿಯನ್ನು ಇನ್ನು ಮುಟ್ಟುವುದಿಲ್ಲ ಅಂತ ಅವನು ಬಸ್ಸಿನಲ್ಲೇ ತೀರ್ಮಾನ ಮಾಡಿದ್ದ. ಹಾಗಾಗಿ ಸುಳ್ಳೂ ಅಲ್ಲ.

"ಇನ್ನೊಂದ್ಸಲ ಮಾಡ್ಕೊಳ್ಳಲ್ಲ ಸಾರ್" ಅಂದ, ಮೆಲ್ಲಗೆ.

ಮೂಲೆಯಿಂದ ಡಾಕ್ಟರು ಕೆಮ್ಮಿದರು.

"ಇನ್ನೊಂದ್ಸಲ ಮಾಡಲ್ಲ ಅಂದ್ರೆ ಒಂದ್ಸಲ ಮಾಡಿದ್ದು ನಿಜ ಅಂತಾಯ್ತು. ಇಷ್ಟು ಹೊತ್ತು ನನಗೂ ಅನುಮಾನ ಇತ್ತು, ಈಗ ಅವರೇ ಒಪ್ಕೊಂಡ್ರು. ಇಂಥ ಸ್ಥಿತೀಲಿರೋರ ಕೈಗೆ ಉಗ್ರಾಣದ ಬೀಗದಕೈ ಕೊಡೋ ಹಾಗಿಲ್ಲ. ಕೊಡೋದೇನು, ಕೆಲಸದಲ್ಲೇ ಇಟ್ಕೊಳ್ಳೋ ಹಾಗಿಲ್ಲ. ಆರು ತಿಂಗಳು ಕಡ್ಡಾಯ ರಜೆ. ಆಮೇಲೆ ನೋಡೋಣ."

"ಸಾರ್, ನಾನು ಹೇಳಿದ್ದು ಕ್ಷೌರದ ಮಾತು!" ಮಾಮ ಎದ್ದು ನಿಂತ. "ಇನ್ನೊಂದ್ಸಲ ಆ ಕತ್ತೀಲಿ ಕ್ಷೌರ ಮಾಡ್ಕೊಳ್ಳಲ್ಲ ಅಂದೆ!"

"ಒಂದು ಗಳಿಗೆ ಹಾಗೆ, ಒಂದು ಗಳಿಗೆ ಹೀಗೆ. ನೋಡಿದ್ರಾ? ಇದೂ ಒಂದು ಲಕ್ಷಣ" ಅಂತ ಡಾಕ್ಟರು ಬರೆದುಕೊಂಡರು.

ಅಷ್ಟರಲ್ಲಿ ಬಾಗಿಲು ತೆಗೆದುಕೊಂಡು ಮಾಮನ ಹೆಂಡತಿ ಬಂದಳು. ಹಿಂದೆ ಕಾಂಪೌಂಡರು, ಕಂಕುಳಲ್ಲಿ ಪೇಪರಿನ ಪೊಟ್ಟಣ. ದಾರಿಯುದ್ದಕ್ಕೂ ಅವರು ತಮ್ಮ ಸರ್ವೀಸಿನ ಕತೆಗಳನ್ನೆಲ್ಲ ಅವಳ ಕಿವಿಗೆ ತುಂಬಿದ್ದರು. ಅವಳು ಯಾರನ್ನೂ ನೋಡದೆ ನೇರವಾಗಿ ಗಂಡನ ಮುಂದೆ ನಿಂತಳು.

"ರೀ, ನಿಜ ಹೇಳಿ. ನನ್ನಿಂದಾನಾ?"

"ಛೇ, ನಿನ್ನಿಂದ ಯಾಕೆ?"

"ನನ್ನಿಂದ ಅಲ್ವಾ?" ಅವಳ ದನಿಯಲ್ಲಿ ಅಳುವಿನ ಜತೆಗೆ ಇನ್ನೇನೋ ಸೇರಿಕೊಂಡಿತು. "ಹಾಗಾದ್ರೆ ಯಾರಿಂದ?"

"ಯಾರಿಂದಲೂ ಅಲ್ವೇ, ಕತ್ತಿ ಜಾರ್ತು!"

"ಮುಚ್ಚಿಡಬೇಡಿ. ನಿಮಗೆ ಗೊತ್ತಾಗಿದೆ. ನೀವು ಸೂಪರಿಂಟೆಂಡೆಂಟ್ ಆಗಿ ನಾಲ್ಕು ವರ್ಷ ಆಯ್ತು ಅಂತ ನಾನು ನಮ್ಮ ತೌರಲ್ಲಿ ಹೇಳಿಬಿಟ್ಟಿದೀನಿ. ನಮ್ಮಕ್ಕನ ಗಂಡ ದೊಡ್ಡ ಆಫೀಸರು, ನಮ್ಮ ತಂಗಿ ಗಂಡ ಲೆಕ್ಚರರು. ನಾನು ಏನಂತ ಹೇಳ್ಲಿ? ಗೋಡೌನಲ್ಲಿ ನಟ್ಟು ಬೋಲ್ಟು ಎಣಿಸ್ತಾರೆ ಅಂತ ಹೇಳ್ಲಾ?"

ಮ್ಯಾನೇಜರು ಕಿಟಕಿಯ ಹೊರಗೆ ನೋಡಿದರು. ಅಕೌಂಟೆಂಟು ಬಾಗಿಲ ಸಂದಿಯಿಂದ ತಲೆ ಹಿಂದಕ್ಕೆ ಎಳೆದುಕೊಂಡ.

ಮಾಮನಿಗೆ ಸಿಟ್ಟು ಬಂತು. ಎಲ್ಲರ ಹಾಗೆ ಅವನಿಗೂ ಸಿಟ್ಟು ಬರುತ್ತಿತ್ತು, ಆದರೆ ಗಂಟಲಿಗೆ ಬರುವಷ್ಟರಲ್ಲಿ ಆರಿಹೋಗುತ್ತಿತ್ತು. ಇವತ್ತು ಆರಲಿಲ್ಲ. ಬ್ಯಾಂಡೇಜಿನ ಒಳಗೆ ಕುದಿಯಿತು.

"ಕೊಡಿ ಇಲ್ಲಿ ಆ ಕತ್ತಿ!" ಅಂತ ಕಾಂಪೌಂಡರ ಕಡೆ ಕೈ ಚಾಚಿದ. ಅವರು ಎರಡು ಹೆಜ್ಜೆ ಹಿಂದೆ ಹಾರಿ ಗೋಡೆಗೆ ತಗುಲಿಕೊಂಡರು.

"ನಿಮ್ಮ ಎದುರಿಗೇ ಕ್ಷೌರ ಮಾಡ್ಕೊಂಡು ತೋರಿಸ್ತೀನಿ. ಗೇಟಿನ ಎದುರಿನ ಕ್ಷೌರದ ಅಂಗಡಿಯವನನ್ನ ಕರೆಸಿ. ಕತ್ತಿ ಹೇಗಿದೆ ಅಂತ ಅವನೇ ಹೇಳ್ಲಿ. ಆಮೇಲೆ ರಜೆ ಕೊಡ್ತೀರೋ ಸಜಾ ಕೊಡ್ತೀರೋ ನೋಡೋಣ!"

ಡಾಕ್ಟರಿಗೂ ಕುತೂಹಲವಿತ್ತು. ಕ್ಷೌರಿಕ ಬಂದ. ಅರವತ್ತು ದಾಟಿದ ಮನುಷ್ಯ, ಭುಜದ ಮೇಲೆ ಚರ್ಮದ ಪಟ್ಟಿ, ಜೇಬಲ್ಲಿ ಸಾಣೆಕಲ್ಲು. ಕತ್ತಿಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿಂದ ಅಲಗನ್ನು ತಟ್ಟಿ ನೋಡಿ ನಕ್ಕ.

"ಹೊಸ ಕತ್ತಿ ಅಂದ್ರೆ ಹೊಸ ಅಳಿಯ ಇದ್ದ ಹಾಗೆ ಸ್ವಾಮಿ. ಹೊಳಪು ಜಾಸ್ತಿ, ಕೆಲಸ ಗೊತ್ತಿಲ್ಲ. ಅಂಗಡೀಲಿ ಕೊಂಡ ತಕ್ಷಣ ಮುಖಕ್ಕೆ ಇಡಬಾರದು. ಕಲ್ಲಿಗೆ ಹಿಡೀಬೇಕು, ಚರ್ಮಕ್ಕೆ ಎಳೀಬೇಕು."

ಅವನು ಕಲ್ಲಿಗೆ ನೀರು ಚಿಮುಕಿಸಿ ಅರ್ಧ ಗಂಟೆ ಕತ್ತಿ ಮಸೆದ. ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಚಪ್ ಚಪ್ ಅಂತ ಆ ಕಡೆ ಈ ಕಡೆ ಎಳೆದ. ಕಡೆಗೆ ತನ್ನ ಮುಂಗೈ ಮೇಲೆ ಆಡಿಸಿದ. ಕೂದಲು ಸದ್ದಿಲ್ಲದೆ ಉದುರಿತು.

"ಒತ್ತಬೇಡಿ" ಅಂತ ಮಾಮನಿಗೆ ಹೇಳಿಕೊಟ್ಟ. "ಎಡಗೈಯಲ್ಲಿ ಚರ್ಮ ಬಿಗಿ ಹಿಡೀರಿ. ಕತ್ತೀನ ತೀರ ಮಲಗಿಸಲೂಬೇಡಿ, ನಿಲ್ಲಿಸಲೂಬೇಡಿ. ಕೂದಲು ಇಳಿದ ಕಡೆಗೇ ಇಳಿಸಿ. ಅದರ ಭಾರಕ್ಕೆ ಅದೇ ಹೋಗುತ್ತೆ."

ಮ್ಯಾನೇಜರ ಮೇಜಿನ ಮೇಲೆ ಕನ್ನಡಿ ನಿಂತಿತು. ಬಿಸಿನೀರು ಬಂತು, ನೊರೆ ಎದ್ದಿತು. ಮ್ಯಾನೇಜರು, ಡಾಕ್ಟರು, ಕಾಂಪೌಂಡರು, ಹೆಂಡತಿ, ಬಾಗಿಲಲ್ಲಿ ಅರ್ಧ ಕಾರ್ಖಾನೆ. ಮಾಮ ಕತ್ತಿ ಎತ್ತಿದಾಗ ಯಾರೋ "ದೇವರೇ" ಅಂದರು.

ಬಲಗೆನ್ನೆಯ ಮೇಲಿಂದ ಕತ್ತಿ ಇಳಿಯಿತು. ಮಾಮನಿಗೆ ಮೊದಲು ಏನೂ ತಿಳಿಯಲಿಲ್ಲ. ತಾಗಿಯೇ ಇಲ್ಲ ಅಂದುಕೊಂಡ. ಕನ್ನಡಿಯಲ್ಲಿ ನೋಡಿದರೆ ನೊರೆಯ ನಡುವೆ ಒಂದು ದಾರಿ ಬಿದ್ದಿತ್ತು, ಮಗುವಿನ ಚರ್ಮದಂಥ ದಾರಿ. ಇನ್ನೊಂದು ಎಳೆತ. ಉರಿ ಇಲ್ಲ, ಜಗ್ಗು ಇಲ್ಲ. ಒಣಗಿದ ಎಲೆ ಮುರಿದಂಥ ಸಣ್ಣ ಸದ್ದು ಮಾತ್ರ. ಸಿಟ್ಟಿಗೋ ಏನೋ, ಅವನ ಕೈ ಇವತ್ತು ಕಂಬದ ಹಾಗಿತ್ತು. ಎಡಗೆನ್ನೆ, ತುಟಿಯ ಮೇಲೆ, ಗಲ್ಲದ ಗುಳಿ. ಮನೆ, ಕುರ್ಚಿ, ಅರ್ಜಿ, ತೌರುಮನೆ ಎಲ್ಲ ನೊರೆಯ ಜತೆ ಜಾರಿ ಬಟ್ಟಲಿಗೆ ಬಿದ್ದ ಹಾಗನ್ನಿಸಿತು. ಮೂವತ್ತು ವರ್ಷದಲ್ಲಿ ಮೊದಲನೇ ಸಲ ಅವನಿಗೆ ಕ್ಷೌರ ಮಾಡಿಕೊಳ್ಳುತ್ತ ನಿದ್ದೆ ಬರುವ ಹಾಗಾಯಿತು.

ಮುಖ ತೊಳೆದು, ಒರೆಸಿಕೊಂಡು, ತಿರುಗಿ ನಿಂತ. ಒಂದು ಗೀರಿಲ್ಲ. ಒಂದು ಹನಿ ರಕ್ತವಿಲ್ಲ.

ಬಾಗಿಲಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಮ್ಯಾನೇಜರ ಮುಖವೂ ಸಡಿಲವಾಯಿತು. ಡಾಕ್ಟರು ಎದ್ದು ಬಂದು ಮಾಮನ ಕೆನ್ನೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿದರು, ಮತ್ತೊಮ್ಮೆ ಸವರಿದರು.

"ಅದ್ಭುತ" ಅಂದರು. "ನಾನು ಇಂಥ ಕ್ಷೌರ ನೋಡೇ ಇಲ್ಲ."

"ನೋಡಿದ್ರಲ್ಲ ಸಾರ್!" ಮಾಮನ ಕಣ್ಣು ಹೊಳೆಯಿತು.

"ನೋಡಿದೆ. ಇಷ್ಟು ಜನರ ಮುಂದೆ ಕೂದಲೆಳೆಯಷ್ಟೂ ತಪ್ಪದ ಕೈ ಇದು. ಇಂಥ ಕೈಯಿಂದ, ಮನೇಲಿ ಒಬ್ಬರೇ ನೆಮ್ಮದಿಯಾಗಿ ನಿಂತಿರೋವಾಗ ಕತ್ತಿ ಜಾರ್ತು ಅಂದ್ರೆ ಯಾರು ನಂಬ್ತಾರೆ?"

ಚಪ್ಪಾಳೆ ನಿಂತಿತು.

"ಆದ್ರೆ ಸಾರ್, ಬೆಳಿಗ್ಗೆ ಕತ್ತಿ ಮೊಂಡಾಗಿತ್ತು! ಕೇಳಿ ಅವನನ್ನ!"

"ನಿಜ ಸ್ವಾಮಿ" ಅಂದ ಕ್ಷೌರಿಕ, ಮಾಮನ ಪರವಾಗಿ, ಮನಸ್ಸು ಬಿಚ್ಚಿ. "ನಾನು ಮಸೆಯೋಕೆ ಮೊದಲು ಅದರಲ್ಲಿ ಬಾಳೆಹಣ್ಣು ಕೂಡ ಹೆಚ್ಚೋಕೆ ಆಗ್ತಿರ್ಲಿಲ್ಲ."

"ಬಾಳೆಹಣ್ಣು ಹೆಚ್ಚೋಕಾಗದ ಕತ್ತಿ" ಅಂತ ಡಾಕ್ಟರು ನಿಧಾನವಾಗಿ ಬರೆದುಕೊಂಡರು. "ಅದರಿಂದ ಎರಡು ಬೆರಳು ಗಾಯ ಆಗ್ಬೇಕಾದ್ರೆ ಎಷ್ಟು ಜೋರಾಗಿ ಒತ್ತಿರ್ಬೇಕು ನೀವೇ ಯೋಚನೆ ಮಾಡಿ. ಜಾರಿದ್ದಲ್ಲ ಇದು. ಗಟ್ಟಿ ಮನಸ್ಸು ಮಾಡಿ ಒತ್ತಿದ್ದು."

ಮಾಮ ಬಾಯಿ ತೆರೆದ. ಒತ್ತಿದ್ದಂತೂ ನಿಜ. ಬಾಯಿ ಮುಚ್ಚಿಕೊಂಡ.

ಉಳಿದದ್ದೆಲ್ಲ ಕಾಗದದ ಕೆಲಸ. ಮಧ್ಯಾಹ್ನದ ಹೊತ್ತಿಗೆ ಆರು ತಿಂಗಳ ರಜೆಯ ಪತ್ರ ಟೈಪಾಗಿ ಬಂತು. ಹರಿಯಬೇಕಾಗಿದ್ದ ಹಳೇ ಆರ್ಡರು ಹರಿಯದೆ ಉಳಿಯಿತು. ಡಾಕ್ಟರು ಕೆಳಗೆ ಕೆಂಪು ಮಸಿಯಲ್ಲಿ ಒಂದು ಸಾಲು ಸೇರಿಸಿದರು: ಹರಿತವಾದ ಯಾವ ವಸ್ತುವನ್ನೂ ಇವರ ಕೈಗೆ ಕೊಡಕೂಡದು, ರಜೆ ಮುಗಿಯುವ ತನಕ ಗಡ್ಡ ಬಿಡತಕ್ಕದ್ದು. ಮ್ಯಾನೇಜರು ಕತ್ತಿಯನ್ನು ಮಡಚಿ ತಮ್ಮ ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದರು.

"ಇದು ನನ್ನ ಜವಾಬ್ದಾರೀಲಿ ಇರ್ಲಿ. ನೀವು ಏನೂ ಯೋಚನೆ ಮಾಡ್ಬೇಡಿ."

ಬಸ್ಸಿಳಿದು ಇಬ್ಬರೂ ಮನೆಗೆ ನಡೆದರು. ಮನೆಯ ತಿರುವಿನಲ್ಲಿ ಹೆಂಡತಿ ನಿಂತು, ಆ ಕಡೆ ಈ ಕಡೆ ನೋಡಿ, ಗಂಡನ ಕೆನ್ನೆಯ ಮೇಲೆ ಅಂಗೈ ಇಟ್ಟಳು.

"ನುಣ್ಣಗಿದೆ ರೀ" ಅಂದಳು. ಆಮೇಲೆ, "ನಿಜವಾಗ್ಲೂ ನನ್ನಿಂದ ಅಲ್ಲ ತಾನೇ?"

ವಾರ ಕಳೆದ ಮೇಲೆ ಅಕೌಂಟೆಂಟು ಮಾಮನ ಹತ್ತಿರ ಉಳಿದಿದ್ದ ಉಗ್ರಾಣದ ಎರಡನೇ ಬೀಗದಕೈ ಇಸಕೊಂಡು ಹೋಗಲು ಮನೆಗೆ ಬಂದ. ಮಾಮನ ಮುಖದ ಮೇಲೆ ಆಗಲೇ ಬಿಳಿ ಕರಿ ಗಡ್ಡ ಮುಳ್ಳಿನ ಹಾಗೆ ಎದ್ದು ನಿಂತಿತ್ತು. ಬೀಗದಕೈ ಜೇಬಿಗೆ ಹಾಕಿಕೊಂಡು, ಏನಾದರೂ ಸುದ್ದಿ ಹೇಳಬೇಕಲ್ಲ ಅಂತ ಅವನು ಹೇಳಿದ:

"ಅಂದ ಹಾಗೆ, ಮ್ಯಾನೇಜರ ಮುಖ ನೀವು ಈಗ ನೋಡ್ಬೇಕು ಮಾಮ. ಏನು ಕಳೆ, ಏನು ನುಣುಪು! ಮಂಗಳವಾರದಿಂದ ಆಫೀಸಲ್ಲಿ ದಿನಾ ಅದೇ ಮಾತು. ಕ್ಷೌರ ಎಲ್ಲಿ ಮಾಡಿಸ್ತೀರಿ ಸಾರ್ ಅಂತ ಕೇಳಿದ್ರೆ ನಗ್ತಾರೆ, ಹೇಳಲ್ಲ."